ಓದುಗರ ಪ್ರಶ್ನೆ: ಸಂಬಳಕ್ಕೆ ಮಿತಿ ಇದ್ದರೂ ರಗ್ಬಿ ಕ್ಲಬ್‌ಗಳು ಮುಳುಗಿದ್ದು ಹೇಗೆ?

ಪ್ರಶ್ನೆ: ಸರ್, ಐಪಿಎಲ್ ಹರಾಜಿನಲ್ಲಿ ಒಂದು ತಂಡಕ್ಕೆ ಇಷ್ಟೇ ಕೋಟಿ ಅಂತ ಇರುತ್ತದೆ. ಇಂಗ್ಲೆಂಡಿನ ರಗ್ಬಿಯಲ್ಲೂ ಹಾಗೇನಾ? ಸ್ಯಾರಸೆನ್ಸ್ ಅನ್ನೋ ತಂಡ ಕಪ್ ಗೆದ್ದ ಮರುವರ್ಷವೇ ಕೆಳಗಿನ ದರ್ಜೆಗೆ ಬಿತ್ತಂತೆ. ಅಂಥದ್ದೇನು ಮಾಡಿದರು?
— ದಾವಣಗೆರೆಯ ಓದುಗರು

ಉತ್ತರ: ಅಲ್ಲಿ ಹರಾಜು ಇಲ್ಲ. ಆಟಗಾರ, ಅವನ ಏಜೆಂಟ್, ಕ್ಲಬ್ಬಿನವರು ಕೂತು ಮಾತಾಡಿ ಸಂಬಳ ಕುದುರಿಸುತ್ತಾರೆ. ಎಲ್ಲರ ಸಂಬಳ ಕೂಡಿದರೆ ಇಷ್ಟನ್ನು ದಾಟಬಾರದು ಅಂತಷ್ಟೇ ಲೀಗ್ ಹೇಳುತ್ತದೆ. ಹದಿನೈದು ಜನರ ರಗ್ಬಿಯಲ್ಲಿ ಆಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಬಹುದು ಅಂತ ಆಗಿದ್ದೇ 1995ರಲ್ಲಿ. ನಾಲ್ಕೇ ವರ್ಷಕ್ಕೆ, 1999ರಲ್ಲಿ, ಈ ಮಿತಿ ಬಂತು. ಸ್ಯಾರಸೆನ್ಸ್ ಗಲಾಟೆಯ ಹೊತ್ತಿಗೆ ಅದು 70 ಲಕ್ಷ ಪೌಂಡ್, ಆಗಿನ ಲೆಕ್ಕದಲ್ಲಿ 60 ಕೋಟಿ ರೂಪಾಯಿಗೂ ಜಾಸ್ತಿ. ಇಬ್ಬರು ಸ್ಟಾರ್‌ಗಳ ಸಂಬಳವನ್ನು ಈ ಲೆಕ್ಕದ ಹೊರಗಿಡಲು ನಿಯಮದಲ್ಲೇ ದಾರಿಯೂ ಇತ್ತು.

ಸ್ಯಾರಸೆನ್ಸ್‌ಗೆ ಅದೂ ಸಾಲಲಿಲ್ಲ. ಮಾಲೀಕ ನೈಜೆಲ್ ರೇ ತಮ್ಮ ದೊಡ್ಡ ಆಟಗಾರರ ಜೊತೆ ಪಾಲುದಾರಿಕೆಯಲ್ಲಿ ಕಂಪನಿ ಮಾಡಿ, ಮನೆ-ಆಸ್ತಿಗೆ ದುಡ್ಡು ಹಾಕಿದರು. ಇದು ಹೂಡಿಕೆ, ಸಂಬಳ ಅಲ್ಲ, ಆಟ ಬಿಟ್ಟ ಮೇಲೆ ಹುಡುಗರಿಗೆ ಒಂದು ಆಸರೆ ಬೇಡವಾ ಅಂತ ಕ್ಲಬ್ಬಿನ ವಾದ. ವಿಚಾರಣೆ ನಡೆಸಿದ ನಿವೃತ್ತ ನ್ಯಾಯಾಧೀಶ ಲಾರ್ಡ್ ಡೈಸನ್ ಅವರ ಸಮಿತಿ ಇದನ್ನು ಒಪ್ಪಲಿಲ್ಲ. 2016-17ರಿಂದ ಮೂರು ಸೀಸನ್ ಸೇರಿ ಸುಮಾರು 21 ಲಕ್ಷ ಪೌಂಡ್ ಮಿತಿ ಮೀರಿದ್ದಾರೆ ಅಂತ ಲೆಕ್ಕ ತೆಗೆದು, 2019ರ ನವೆಂಬರ್‌ನಲ್ಲಿ 53.6 ಲಕ್ಷ ಪೌಂಡ್ ದಂಡ ಹಾಕಿ 35 ಪಾಯಿಂಟ್ ಕಿತ್ತುಕೊಂಡಿತು.

ಅಷ್ಟಕ್ಕೇ ಮುಗಿದಿದ್ದರೆ ತಂಡ ಹೇಗೋ ಬಚಾವಾಗುತ್ತಿತ್ತೇನೋ. ಆದರೆ ಆಗ ನಡೆಯುತ್ತಿದ್ದ 2019-20ರ ಸೀಸನ್ನಿನ ಸಂಬಳವೂ ಮಿತಿ ದಾಟುವಂತಿತ್ತು, ಸೀಸನ್ ಮಧ್ಯೆ ಆಟಗಾರರನ್ನು ಸುಮ್ನೆ ಮನೆಗೆ ಕಳಿಸಲು ಆಗುತ್ತಾ, ಎಲ್ಲರ ಕೈಯಲ್ಲೂ ಕಾಂಟ್ರ್ಯಾಕ್ಟ್ ಇದೆ. 2020ರ ಜನವರಿಯಲ್ಲಿ ಕೆಳಗಿನ ದರ್ಜೆಗೆ ಇಳಿಯುವುದು ಖಚಿತವಾಯಿತು, ಜೊತೆಗೆ ಇನ್ನೂ 70 ಪಾಯಿಂಟ್ ಹೋಯಿತು. ಒಂದು ಸೀಸನ್ ಕೆಳಗೆ ಆಡಿ, ಮೇಲೆ ಬಂದು, 2023ರಲ್ಲಿ ಮತ್ತೆ ಚಾಂಪಿಯನ್ ಆದರು!

ನನಗೆ ಹೊಟ್ಟೆ ಉರಿಯುವುದು ಇಷ್ಟಕ್ಕಲ್ಲ. ಆ ವರ್ಷಗಳ ಕಪ್‌ಗಳನ್ನು ಯಾರೂ ವಾಪಸ್ ಕೇಳಲಿಲ್ಲ. 2019ರ ಫೈನಲ್‌ನಲ್ಲಿ ಎಕ್ಸಿಟರ್ ತಂಡ 37-34ರಲ್ಲಿ ಸೋತಿತು. ಬರೀ ಮೂರು ಪಾಯಿಂಟ್. ಆ ಸೀಸನ್ನಿನಲ್ಲೇ ಸ್ಯಾರಸೆನ್ಸ್ 9 ಲಕ್ಷ ಪೌಂಡ್ ಹೆಚ್ಚು ಖರ್ಚು ಮಾಡಿತ್ತು. ಆಸ್ಟ್ರೇಲಿಯಾದ ಹದಿಮೂರು ಜನರ ರಗ್ಬಿ ಲೀಗ್‌ನವರು ಇಷ್ಟು ಮೆತ್ತಗಿರಲಿಲ್ಲ. ಮೆಲ್ಬರ್ನ್ ಸ್ಟಾರ್ಮ್ ಎರಡು ಲೆಕ್ಕದ ಪುಸ್ತಕ ಇಟ್ಟಿದ್ದು 2010ರಲ್ಲಿ ಸಿಕ್ಕಿಬಿದ್ದಾಗ 2007 ಮತ್ತು 2009ರ ಕಪ್ ಕಿತ್ತುಕೊಂಡರು. ಆ ವರ್ಷ ಉಳಿದ ಮ್ಯಾಚ್ ಗೆದ್ದರೂ ಒಂದೂ ಪಾಯಿಂಟ್ ಇಲ್ಲ ಅಂದರು. ಅದು ಶಿಕ್ಷೆ.

ಪ್ರಶ್ನೆ: ನಾನು ಕೊವೆಂಟ್ರಿಯಲ್ಲಿ ಓದುತ್ತಿದ್ದೇನೆ. ಇಲ್ಲಿ ವಾಸ್ಪ್ಸ್ ಅಂತ ರಗ್ಬಿ ತಂಡ ಇತ್ತು, ಈಗ ಇಲ್ಲ. ಸಂಬಳಕ್ಕೆ ಮಿತಿ ಹಾಕಿದ್ದೇ ಕ್ಲಬ್‌ಗಳು ದಿವಾಳಿ ಆಗಬಾರದು ಅಂತ ಅಲ್ವಾ?
— ಓದುಗರೊಬ್ಬರು, ಇಂಗ್ಲೆಂಡ್

ಉತ್ತರ: ಅದೂ ಒಂದು ಕಾರಣ. ಆದರೆ ನೋಡಿ, ಮದುವೆ ಊಟಕ್ಕೆ 500 ಎಲೆ ದಾಟಬಾರದು ಅಂತ ಊರಲ್ಲಿ ನಿಯಮ ಮಾಡಿದರೆ ಏನಾಗುತ್ತದೆ? 200 ಎಲೆಗೆ ತಾಕತ್ತಿದ್ದವನೂ ಸಾಲ ಮಾಡಿ 500 ಹಾಕಿಸುತ್ತಾನೆ. ಪಕ್ಕದ ಮನೆಯವರು ಹಾಕಿಸಿದ್ದಾರಲ್ಲ! ರಗ್ಬಿಯಲ್ಲಿ ಆದದ್ದೂ ಇದೇ. ಮಿತಿ ಎಷ್ಟೋ ಅಷ್ಟು ಖರ್ಚು ಮಾಡದಿದ್ದರೆ ಸೋಲುತ್ತೇವೆ ಅನ್ನೋ ಭಯ, ಟಿಕೆಟ್ ದುಡ್ಡು ಸಾಲದು, ಹಾಗಾಗಿ ಕೊರತೆಯನ್ನು ವರ್ಷವರ್ಷ ಮಾಲೀಕರೇ ಜೇಬಿನಿಂದ ತುಂಬಬೇಕು.

ನಿಮ್ಮ ವಾಸ್ಪ್ಸ್ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಹೈ ವಿಕಮ್‌ನಲ್ಲಿ ಬಾಡಿಗೆ ಮೈದಾನದಲ್ಲಿ ಆಡುತ್ತಿದ್ದವರು 2014ರ ಕೊನೆಗೆ ಕೊವೆಂಟ್ರಿಗೆ ಬಂದು ದೊಡ್ಡ ಸ್ಟೇಡಿಯಂ ಕೊಂಡುಕೊಂಡರು. 2015ರಲ್ಲಿ ಬಾಂಡ್ (ಸಾಲಪತ್ರ) ಮಾರಿ 3.5 ಕೋಟಿ ಪೌಂಡ್ ಎತ್ತಿದರು. ಬಡ್ಡಿ 6.5%, ತೀರಿಸಬೇಕಾದದ್ದು 2022ರಲ್ಲಿ. ಅಭಿಮಾನಿಗಳೂ ಬಾಂಡ್ ಕೊಂಡಿದ್ದರು, ಪಾಪ. ಮಧ್ಯೆ ಕೋವಿಡ್ ಬಂತು, ಗೇಟ್ ಕಲೆಕ್ಷನ್ ನಿಂತಿತು. ಗಡುವು ಬಂದಾಗ ದುಡ್ಡಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಾಕಿಯಲ್ಲಿ ಸಿಕ್ಕಿಕೊಂಡಿದ್ದ ವೂಸ್ಟರ್ ಕ್ಲಬ್ ಮುಳುಗಿತು, ಅಕ್ಟೋಬರ್‌ನಲ್ಲಿ ವಾಸ್ಪ್ಸ್, 2023ರ ಜೂನ್‌ನಲ್ಲಿ ಲಂಡನ್ ಐರಿಷ್. 13 ತಂಡಗಳ ಲೀಗ್ 10ಕ್ಕೆ ಇಳಿಯಿತು. ಹತ್ತು ತಂಡ ಅಂದರೆ ಲೀಗ್‌ನಲ್ಲಿ ಸ್ವಂತ ಮೈದಾನದಲ್ಲಿ ಒಂಬತ್ತೇ ಪಂದ್ಯ, ಆ ಒಂಬತ್ತು ದಿನದ ಗೇಟಿನಲ್ಲಿ ವರ್ಷದ ಸಂಬಳ ಹುಟ್ಟಬೇಕು.

ಕೋವಿಡ್ ಹೊಡೆತಕ್ಕೆ ಮಿತಿಯನ್ನು 50 ಲಕ್ಷ ಪೌಂಡ್‌ಗೆ ಇಳಿಸಿದ್ದರು. ಆ ಇಳಿಸಿದ ಮಿತಿ ಜಾರಿಯಲ್ಲಿದ್ದಾಗಲೇ ಈ ಮೂರೂ ಮುಳುಗಿದ್ದು. 2024-25ಕ್ಕೆ ಮತ್ತೆ 64 ಲಕ್ಷಕ್ಕೆ ಏರಿಸಿದರು. ಯಾಕೆ ಅಂತ ನನ್ನನ್ನು ಕೇಳಬೇಡಿ. ಲೀಗ್‌ನವರು ಮಿತಿಗಿಂತ ಮೊದಲು ಪ್ರತಿ ಕ್ಲಬ್ಬಿನ ಬ್ಯಾಂಕ್ ಪುಸ್ತಕ ನೋಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಬೆಂಗಳೂರಿಗೂ ರಗ್ಬಿ ತಂಡ ಬಂದಿದೆಯಲ್ಲ, ಅದಕ್ಕೂ ಇದೇ ಗತಿಯಾ?
— ಬೆಂಗಳೂರಿನ ಓದುಗರು

ಉತ್ತರ: ಬೆಂಗಳೂರು ಬ್ರೇವ್‌ಹಾರ್ಟ್ಸ್ ಬಗ್ಗೆ ಕೇಳುತ್ತಿದ್ದೀರಿ. 2025ರ ಜೂನ್‌ನಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನ ಆರು ತಂಡಗಳಲ್ಲಿ ಒಂದು. ಏಳು ಜನರ ಆಟ, ಎರಡು ವಾರದ ಸೀಸನ್. ವಾಸ್ಪ್ಸ್ ಹಾಗೆ ಸಾಲ ಮಾಡಿ ಸ್ಟೇಡಿಯಂ ಕೊಳ್ಳುವ ಪ್ರಶ್ನೆಯೇ ಇಲ್ಲ. ಮೊದಲ ಸೀಸನ್ನಿನ ಮ್ಯಾಚ್‌ಗಳೆಲ್ಲ ಮುಂಬೈಯಲ್ಲೇ ನಡೆದವು, ಬೆಂಗಳೂರಿನವರು ತಮ್ಮ ತಂಡವನ್ನು ಟೀವಿಯಲ್ಲಿ ನೋಡಬೇಕಾಯಿತು.