ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಬೆಲೆಗೆ ಒಳ್ಳೆಯ ಟಿನ್ ವಿಸಿಲ್

ಪ್ರಶ್ನೆ: ಐರಿಷ್ ಸಂಗೀತ ಕೇಳಿದ ನನ್ನ ಮಗಳು ಟಿನ್ ವಿಸಿಲ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಹಡಗಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಬರುವ ತಿಂಗಳು ಬ್ರಿಟನ್ನಿನಿಂದ ಊರಿಗೆ ಬರುವವನಿದ್ದಾನೆ. ಯಾವುದನ್ನು ತರಲು ಹೇಳಲಿ? ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ.
— ಓದುಗರೊಬ್ಬರು, ಕಾರವಾರ

ಉತ್ತರ: ಖರ್ಚಿನ ಬಗ್ಗೆ ನೀವು ಸಂಕೋಚಪಡಬೇಕಾಗಿಲ್ಲ, ಏಕೆಂದರೆ ನೇರವಾಗಿ ಹಿಡಿದು ಊದುವ, ಆರು ರಂಧ್ರಗಳ ಈ ಲೋಹದ ಕೊಳಲು ಬೆಳೆದದ್ದೇ ಬಡವರ ಕೈಯಲ್ಲಿ. ಇಂಗ್ಲೆಂಡಿನ ಸಫೊಕ್ ಪ್ರಾಂತದ ಕೃಷಿ ಕೂಲಿಕಾರ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತವರ ಬಳಿದ ತಗಡನ್ನು ಸುತ್ತಿ, ಬಾಯಿಯ ಕಡೆ ಮರದ ಬೆಣೆ ಕೂರಿಸಿ ಇದನ್ನು ತಯಾರಿಸಿ ಮಾರಲು ತೊಡಗಿದ. ಐರ್ಲೆಂಡಿನ ದಿ ಚೀಫ್‌ಟನ್ಸ್ ತಂಡವನ್ನು ಕಟ್ಟಿದ ಪ್ಯಾಡಿ ಮೊಲೋನಿಯವರಿಗೆ ಬಾಲ್ಯದಲ್ಲಿ ತಾಯಿ ಕೊಡಿಸಿದ್ದು ಅಗ್ಗದ ಟಿನ್ ವಿಸಿಲನ್ನೇ. ಇಂದಿಗೂ ಬ್ರಿಟನ್ನಿನಲ್ಲಿ ಸುಮಾರು 10ರಿಂದ 15 ಪೌಂಡ್ ಒಳಗೆ ಸಿಗುವ ವಿಸಿಲ್‌ಗಳಲ್ಲಿ ಕಛೇರಿಗೆ ಒದಗುವಂಥವು ಇವೆ. ಆದರೆ ಒಂದೇ ಬೆಲೆಯ, ಒಂದೇ ಹೆಸರಿನ ಎರಡು ವಿಸಿಲ್‌ಗಳ ನಡುವೆಯೂ ವ್ಯತ್ಯಾಸವಿರುತ್ತದೆ. ನಿಮ್ಮ ತಮ್ಮನವರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

ಸ್ವರದ ಎತ್ತರವನ್ನು ನಿರ್ಧರಿಸುವುದು ಕೊಳವೆ; ನಾದ ಮಧುರವೋ ಕರ್ಕಶವೋ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಬಾಯಿಗೆ ಹಿಡಿಯುವ ತುದಿಯಾದ ಮೌತ್‌ಪೀಸ್. ಉಸಿರು ಒಂದು ಕಿರಿದಾದ ಸೀಳಿನ ಮೂಲಕ ಹಾಯ್ದು, ಚೌಕಾಕಾರದ ಕಿಂಡಿಯನ್ನು ದಾಟಿ, ಎದುರಿನ ಅಲಗಿಗೆ ಬಡಿದಾಗ ನಾದ ಹುಟ್ಟುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಮೌತ್‌ಪೀಸನ್ನು ಬೆಳಕಿಗೆ ಹಿಡಿದು ಆ ಸೀಳಿನೊಳಗೆ ಕಣ್ಣಿಟ್ಟು ನೋಡಲು ಹೇಳಿ. ಅಲಗಿನ ಅಂಚು ಸೀಳಿನ ಎದುರು ಒಂದು ನೇರ ಗೆರೆಯಾಗಿ ಕಾಣಬೇಕು. ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ಕಿನ ಎಳೆ ಅಲ್ಲಿ ಅಂಟಿಕೊಂಡಿದ್ದರೆ ಅಥವಾ ಅಲಗು ಒಂದು ಬದಿಗೆ ವಾಲಿದ್ದರೆ ಆ ವಿಸಿಲನ್ನು ಬಿಟ್ಟು ಇನ್ನೊಂದನ್ನು ಕೇಳಬೇಕು.

ಅಂಗಡಿಯಲ್ಲಿ ಊದಿ ನೋಡಲು ಅವಕಾಶವಿದ್ದರೆ ಇನ್ನೂ ಒಳ್ಳೆಯದು. ಆರೂ ರಂಧ್ರಗಳನ್ನು ಮುಚ್ಚಿ ಮೆಲ್ಲಗೆ ಊದಿದಾಗ ಕೆಳಗಿನ ಸ್ವರ ನಡುಗದೆ ನಿಲ್ಲಬೇಕು. ಬೆರಳು ಕದಲಿಸದೆ ಉಸಿರನ್ನು ಸ್ವಲ್ಪ ಬಲಗೊಳಿಸಿದರೆ ಅದೇ ಸ್ವರ ಮೇಲಿನ ಸಪ್ತಕಕ್ಕೆ ಹಾರುತ್ತದೆ. ಅವೆರಡೂ ಷಡ್ಜಗಳು ಒಂದಕ್ಕೊಂದು ಕೂಡಬೇಕು. ಕೊನೆಗೆ ಮೇಲಿನ ಸಪ್ತಕದ ಪಂಚಮ, ಧೈವತಗಳನ್ನು ಊದಲಿ. ಅಗ್ಗದ ವಿಸಿಲ್‌ಗಳ ನಿಜವಾದ ಪರೀಕ್ಷೆ ಈ ಎರಡು ಸ್ವರಗಳಲ್ಲಿದೆ. ಕಿವಿಯನ್ನು ಇರಿಯದೆ ಅವು ಹೊಮ್ಮಿದರೆ ಉಳಿದವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ.

ಇನ್ನು ಹೆಸರುಗಳ ಮಾತು. ಕಾರವಾರದ ಮನೆಗೆ ನನ್ನ ಮೊದಲ ಆಯ್ಕೆ ಐರ್ಲೆಂಡಿನ ಫ್ಯಾಡೋಗ್ ಕಂಪನಿಯ, ಡಿ ಶ್ರುತಿಯ (ಆರೂ ರಂಧ್ರ ಮುಚ್ಚಿದಾಗ ಪಾಶ್ಚಾತ್ಯರ ಡಿ ಸ್ವರ ನುಡಿಯುವ) ಹಿತ್ತಾಳೆ ವಿಸಿಲ್. ಐರಿಷ್ ಸಂಗೀತದ ಬಹುಪಾಲು ಪಾಠಗಳು ಡಿ ವಿಸಿಲ್‌ಗಾಗಿಯೇ ಇರುವುದರಿಂದ ಮಗಳು ಕೇಳಿದ ಹಾಡುಗಳೊಡನೆಯೇ ನುಡಿಸಬಹುದು. ಇಂಗ್ಲೆಂಡಿನ ಜನರೇಷನ್ ವಿಸಿಲ್‌ನ ನಾದ ನನಗೆ ಇದಕ್ಕಿಂತಲೂ ಇಷ್ಟ, ಆದರೆ ಅದರಲ್ಲಿ ಒಂದಕ್ಕೊಂದಕ್ಕೆ ಗುಣವ್ಯತ್ಯಾಸ ಹೆಚ್ಚು. ಊದಿ ಆರಿಸಲು ಸಾಧ್ಯವಾದರೆ ಮಾತ್ರ ಅದನ್ನು ತರಲಿ. ಕ್ಲಾರ್ಕ್ ಕಂಪನಿಯ ಸ್ವೀಟೋನ್ ತುದಿಗೆ ಕಿರಿದಾಗುತ್ತ ಹೋಗುವ ತಗಡಿನ ಕೊಳವೆ. ಕಡಿಮೆ ಉಸಿರಿಗೆ ಮೃದುವಾಗಿ ನುಡಿಯುವುದರಿಂದ ಮಕ್ಕಳಿಗೆ ಬಹಳ ಸುಲಭ. ಅದನ್ನು ಎರಡನೆಯ ಸ್ಥಾನದಲ್ಲಿ ಇಡುವುದಕ್ಕೆ ಕಾರಣ ನಮ್ಮ ಹವೆ.

ಗಾಳಿ ಬಿಸಿಯಾದಂತೆ ಅದರಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್‌ನಷ್ಟು ಹೆಚ್ಚುತ್ತದೆ, ಅದರೊಡನೆ ಶ್ರುತಿಯೂ ಏರುತ್ತದೆ. ತಂಪು ದೇಶದಲ್ಲಿ ಸರಿಯಾಗಿ ಕೂಡುವ ವಿಸಿಲ್ ಏಪ್ರಿಲ್ ತಿಂಗಳ ಕಾರವಾರದಲ್ಲಿ ತುಸು ಏರಿ ನುಡಿಯುವುದು ಇದರಿಂದಲೇ. ಫ್ಯಾಡೋಗ್, ಜನರೇಷನ್‌ಗಳ ಮೌತ್‌ಪೀಸನ್ನು ಅಂಟಿನಿಂದ ಕೂರಿಸಿರುತ್ತಾರೆ. ಆ ತುದಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬಟ್ಟೆಯಿಂದ ಹಿಡಿದು ಮೆಲ್ಲಗೆ ತಿರುಗಿಸಿದರೆ ಅಂಟು ಬಿಡುತ್ತದೆ. ಅನಂತರ ಎರಡು ಮೂರು ಮಿಲಿಮೀಟರ್ ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ನೀರು ಕುದಿಯುತ್ತಿರಬಾರದು, ಪ್ಲಾಸ್ಟಿಕ್ ಸೊಟ್ಟಗಾದೀತು. ಸ್ವೀಟೋನ್‌ನಲ್ಲಿ ಈ ಹೊಂದಾಣಿಕೆ ಸುಲಭವಲ್ಲ.

ಪ್ರಶ್ನೆ: ನಾನು ಹಿಂದೂಸ್ತಾನಿ ಬಾನ್ಸುರಿಯ ವಿದ್ಯಾರ್ಥಿ. ಟಿನ್ ವಿಸಿಲ್‌ನಲ್ಲಿ ಅದೇ ಬೆರಳುಗಾರಿಕೆ ನಡೆಯುತ್ತದೆಯೇ? ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ಜೊತೆಗೆ ನುಡಿಸಲು ಯಾವ ಶ್ರುತಿಯ ವಿಸಿಲ್ ಕೊಳ್ಳಬೇಕು?
— ವಿದ್ಯಾರ್ಥಿ, ಶಿರಸಿ

ಉತ್ತರ: ಖಂಡಿತ ನಡೆಯುತ್ತದೆ, ಬಾನ್ಸುರಿ ಬಲ್ಲವರಿಗೆ ಈ ವಾದ್ಯದ ಅರ್ಧ ದಾರಿ ಸವೆದಂತೆಯೇ. ಎರಡರಲ್ಲಿಯೂ ಆರು ರಂಧ್ರಗಳು. ಐರಿಷ್ ವಾದಕರು ಡಿ ವಿಸಿಲ್‌ನ ಆರೂ ರಂಧ್ರಗಳನ್ನು ಮುಚ್ಚಿದಾಗ ಬರುವ ಸ್ವರವನ್ನು ಆಧಾರವಾಗಿ ಹಿಡಿಯುತ್ತಾರೆ. ಅಲ್ಲಿಂದ ಒಂದೊಂದೇ ಬೆರಳು ಎತ್ತುತ್ತ ಹೋದರೆ ಬಿಲಾವಲ್, ಅಂದರೆ ಎಲ್ಲ ಶುದ್ಧ ಸ್ವರಗಳ ಸಪ್ತಕ ಸಿಗುತ್ತದೆ. ನೀವು ಕಲಿತ ಕ್ರಮದಲ್ಲಿ ಮೇಲಿನ ಮೂರು ರಂಧ್ರಗಳನ್ನು ಮುಚ್ಚಿದ್ದೇ ಷಡ್ಜ. ಹಾಗೆ ಹಿಡಿದರೆ ಆರೂ ಮುಚ್ಚಿದ ಸ್ವರ ಮಂದ್ರ ಪಂಚಮವಾಗುತ್ತದೆ, ಆರೂ ತೆರೆದ ಸ್ವರ ತೀವ್ರ ಮಧ್ಯಮವಾಗುತ್ತದೆ, ತೀವ್ರ ಮಧ್ಯಮದ ಯಮನ್ ರಾಗ ತಾನಾಗಿಯೇ ಬೆರಳಿಗೆ ಬರುತ್ತದೆ. ಶುದ್ಧ ಮಧ್ಯಮಕ್ಕೆ ಮೊದಲ ರಂಧ್ರವನ್ನು ಅರ್ಧ ಮುಚ್ಚುವ ಬದಲು ಅದನ್ನು ತೆರೆದು ಮುಂದಿನ ಎರಡನ್ನು ಮುಚ್ಚಿದರೆ ಒಳ್ಳೆಯ ವಿಸಿಲ್‌ನಲ್ಲಿ ಸ್ವರ ಸರಿಯಾಗಿ ಕೂಡುತ್ತದೆ. ಇನ್ನೊಂದು ಸೊಗಸೆಂದರೆ, ಕೊನೆಯ ರಂಧ್ರವೊಂದನ್ನು ಮಾತ್ರ ತೆರೆದು ಬರುವ ಸ್ವರವನ್ನು ಷಡ್ಜವೆಂದುಕೊಂಡು ಮೇಲೇರಿದರೆ ಅರ್ಧರಂಧ್ರದ ಗೋಜಿಲ್ಲದೆ ಗಾಂಧಾರ, ನಿಷಾದಗಳು ಕೋಮಲವಾಗಿರುವ ಕಾಫಿ ಥಾಟ್ ಸಿಗುತ್ತದೆ.

ಡಿ ಎಂದರೆ ಹಾರ್ಮೋನಿಯಂನ ಬಿಳಿ ಎರಡು, ಅಂದರೆ ಸಿ ಸ್ವರದಿಂದ ಎಣಿಸಿದಾಗ ಎರಡನೆಯ ಬಿಳಿ ಮನೆ. ಆ ವಿಸಿಲ್‌ನಲ್ಲಿ ಐರಿಷ್ ಕ್ರಮದಿಂದ ಬಿಳಿ ಎರಡು, ಬಾನ್ಸುರಿ ಕ್ರಮದಿಂದ ಬಿಳಿ ಐದು ದೊರೆಯುತ್ತವೆ. ಜನರೇಷನ್ ಕಂಪನಿ ಬಿ ಫ್ಲಾಟ್, ಸಿ, ಡಿ, ಇ ಫ್ಲಾಟ್, ಎಫ್, ಜಿ ಎಂಬ ಆರು ಶ್ರುತಿಗಳಲ್ಲಿ ವಿಸಿಲ್ ತಯಾರಿಸುತ್ತ ಬಂದಿದೆ. ನಿಮ್ಮ ಮಂಡಳಿ ಕಪ್ಪು ಎರಡರಲ್ಲಿ ಹಾಡುವುದಾದರೆ ಇ ಫ್ಲಾಟ್ ಕೊಳ್ಳಿ. ಬಾನ್ಸುರಿ ಕ್ರಮದಲ್ಲಿ ಅದೇ ವಿಸಿಲ್ ಕಪ್ಪು ನಾಲ್ಕಕ್ಕೂ ಒದಗುತ್ತದೆ. ಹೆಂಗಸರು ಕಪ್ಪು ಐದರಲ್ಲಿ ಹಾಡುವುದಿದ್ದರೆ ಬಿ ಫ್ಲಾಟ್ ತರಿಸಬೇಕು. ಕಪ್ಪು ಒಂದಕ್ಕೆ ಈ ಎರಡು ಕ್ರಮಗಳಿಂದಲೂ ಹೊಂದುವ ವಿಸಿಲ್ ಈ ಸಾಲಿನಲ್ಲಿಲ್ಲ, ಹಾಡುವವರೇ ಅರ್ಧ ಸ್ವರ ಏರಬೇಕು ಅಥವಾ ಇಳಿಯಬೇಕು. ಹಾಗಾಗಿ ಮಂಡಳಿಯ ಹಾರ್ಮೋನಿಯಂನಲ್ಲಿ ಯಾವ ಮನೆ ಷಡ್ಜವೆಂದು ಮೊದಲು ಕೇಳಿಕೊಂಡು, ಆಮೇಲೆ ದುಡ್ಡು ಹಾಕಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬಾನ್ಸುರಿಯಲ್ಲಿ ತುಟಿಯ ಕೋನ ಬದಲಿಸಿ ಸ್ವರವನ್ನು ಬಾಗಿಸಬಹುದು. ವಿಸಿಲ್‌ನಲ್ಲಿ ಗಾಳಿಯ ದಾರಿ ಸ್ಥಿರವಾಗಿರುವುದರಿಂದ ಅದು ಸಾಧ್ಯವಿಲ್ಲ. ಉಸಿರಿನ ಬಲ ಹೆಚ್ಚಿಸಿದರೆ ಸ್ವರವೂ ಏರುತ್ತದೆ, ಸದ್ದೂ ಏರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬೇಕಾದರೆ ಬೆರಳನ್ನು ರಂಧ್ರದಿಂದ ಜಾರಿಸಿಯೇ ತೆಗೆಯಬೇಕು. ಭಜನೆಗೆ, ಧುನ್‌ಗೆ, ಚುರುಕಿನ ಗತ್ತಿಗೆ ಇದು ಬಹಳ ಚೆಂದ. ವಿಲಂಬಿತ ಆಲಾಪಕ್ಕೆ ನಿಮ್ಮ ಬಿದಿರಿನ ಕೊಳಲನ್ನೇ ಹಿಡಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ತಗಡಿನ ವಿಸಿಲ್ ಒಳಗಡೆ ತುಕ್ಕು ಹಿಡಿದಿದೆ. ನುಡಿಸುವಾಗ ನಡುವೆ ಸ್ವರ ಕಟ್ಟಿಕೊಂಡು ನಿಂತುಬಿಡುತ್ತದೆ.
— ಓದುಗರು, ಕುಮಟಾ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಸ್ವರ ಕಟ್ಟಿಕೊಳ್ಳಲು ಕಾರಣ ತುಕ್ಕಲ್ಲ, ಗಾಳಿಯ ಸೀಳಿನಲ್ಲಿ ಉಸಿರಿನ ತೇವ ಹನಿಯಾಗಿ ನಿಲ್ಲುವುದು. ಕಿಂಡಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಜೋರಾಗಿ ಊದಿದರೆ ಹನಿ ಹೊರಬೀಳುತ್ತದೆ. ಪಾತ್ರೆ ತೊಳೆಯುವ ದ್ರವ ಸಾಬೂನಿನ ಒಂದು ಹನಿಯನ್ನು ನೀರಿನಲ್ಲಿ ಬೆರೆಸಿ ಸೀಳಿನೊಳಗೆ ಹರಿಸಿ ಒಣಗಲು ಬಿಟ್ಟರೆ ತೇವ ಹನಿಗಟ್ಟದೆ ತೆಳುವಾಗಿ ಹರಡಿಕೊಳ್ಳುತ್ತದೆ. ಪ್ಲಾಸ್ಟಿಕ್ ಮೌತ್‌ಪೀಸ್‌ಗೆ ಮಾತ್ರ ಹೀಗೆ ಮಾಡಿ, ಮರದ ಬೆಣೆಗೆ ಬೇಡ.

ತಗಡೆಂದರೆ ತವರ ಬಳಿದ ಉಕ್ಕು. ಲೇಪ ಎಲ್ಲಿ ಕಿತ್ತಿದೆಯೋ ಅಲ್ಲಿ ಕಡಲ ಉಪ್ಪುಗಾಳಿ ಉಕ್ಕನ್ನು ತಿನ್ನತೊಡಗುತ್ತದೆ. ನುಡಿಸಿದ ಬಳಿಕ ತೆಳುವಾದ ಕಡ್ಡಿಗೆ ಹತ್ತಿಬಟ್ಟೆ ಸುತ್ತಿ ಒಳಗನ್ನು ಒರೆಸಿ, ಹತ್ತಿಯ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದುಬಿಡುತ್ತದೆ. ಮುಂದಿನ ಸಲ ಕೊಳ್ಳುವಾಗ ಹಿತ್ತಾಳೆಯದನ್ನು ಕೊಳ್ಳಿ. ಅದೂ ಕಪ್ಪಾಗುತ್ತದೆ, ಹಸುರು ಹಿಡಿಯುತ್ತದೆ, ಆದರೆ ತೂತು ಬೀಳುವುದಿಲ್ಲ. ಮೌತ್‌ಪೀಸ್ ತೆಗೆದಿಟ್ಟು, ದೀಪದ ಕಂಬಕ್ಕೆ ಮಾಡುವ ಹಾಗೆಯೇ ಹುಣಸೆಹಣ್ಣಿನಿಂದ ಹೊರಮೈ ತಿಕ್ಕಿ ತೊಳೆದು ಪೂರ್ತಿ ಒಣಗಿಸಿದರೆ ಸಾಕು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳಿಗೆ ಜಾತ್ರೆಯಲ್ಲಿ ಸಿಗುವ ಬಿದಿರಿನ ಪೀಪಿಗಳನ್ನೇ ಕೊಡಿಸಿ ಕಲಿಸಬಹುದೇ? ಇಲ್ಲವೇ ರೆಕಾರ್ಡರ್ ಎಂಬ ಪಾಶ್ಚಾತ್ಯ ಕೊಳಲನ್ನು ಕೊಳ್ಳಬೇಕೇ?
— ಶಿಕ್ಷಕಿ, ಅಂಕೋಲಾ

ಉತ್ತರ: ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೋದವರಿಗೆಲ್ಲ ಬಣ್ಣದ ಪಟ್ಟಿ ಬಳಿದ ಆ ಪೀಪಿಗಳ ಪರಿಚಯವಿರುತ್ತದೆ. ಮಕ್ಕಳ ಆಟಕ್ಕೆ ಅವು ಬೇಕು, ಪಾಠಕ್ಕೆ ಬೇಡ. ಅವುಗಳ ಮೇಲಿನ ರಂಧ್ರಗಳನ್ನು ಗಮನಿಸಿ: ಸಾಮಾನ್ಯವಾಗಿ ಎಲ್ಲವೂ ಒಂದೇ ಗಾತ್ರ, ಒಂದೇ ಅಂತರ. ಸಪ್ತಕದಲ್ಲಿ ಗಾಂಧಾರ ಮಧ್ಯಮಗಳ ನಡುವೆ ಅರ್ಧ ಸ್ವರದ ದೂರವಿದ್ದರೆ ರಿಷಭ ಗಾಂಧಾರಗಳ ನಡುವೆ ಪೂರ್ತಿ ಸ್ವರದ ದೂರವಿದೆ. ಸಮಾನ ರಂಧ್ರಗಳಿಂದ ಅದು ಹೊರಡುವುದಿಲ್ಲ. ಒಳ್ಳೆಯ ವಿಸಿಲ್‌ನ ರಂಧ್ರಗಳು ಒಂದಕ್ಕಿಂತ ಒಂದು ಹೆಚ್ಚುಕಡಿಮೆ ಗಾತ್ರದಲ್ಲಿರುವುದು ಇದೇ ಕಾರಣಕ್ಕೆ. ಇಡೀ ತರಗತಿ ಒಟ್ಟಿಗೆ ಊದುವಾಗ ಮಕ್ಕಳ ಕಿವಿ ಅಪಸ್ವರಕ್ಕೆ ಒಗ್ಗಿಕೊಳ್ಳಬಾರದೆಂಬುದು ನನ್ನ ಕಳಕಳಿ.

ಯಮಾಹಾದಂಥ ಪ್ಲಾಸ್ಟಿಕ್ ರೆಕಾರ್ಡರ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ತೊಳೆಯಬಹುದು, ಒಂದಕ್ಕೊಂದು ಶ್ರುತಿ ಕೂಡುತ್ತದೆ. ಆದರೆ ಅದಕ್ಕೆ ಹೆಬ್ಬೆರಳಿನ ರಂಧ್ರ ಸೇರಿ ಎಂಟು ರಂಧ್ರಗಳು, ಬೆರಳುಗಾರಿಕೆಯೇ ಬೇರೆ. ವಿಸಿಲ್‌ನ ಪಾಠಗಳನ್ನು ಅದರಲ್ಲಿ ನುಡಿಸಲಾಗದು. ಮಕ್ಕಳು ಮುಂದೆ ಬಾನ್ಸುರಿಯ ಕಡೆ ಹೋಗಲಿ ಎಂಬ ಆಸೆ ನಿಮಗಿದ್ದರೆ ಸ್ವಲ್ಪ ಕಾದು ಒಂದೇ ಕಂಪನಿಯ ಡಿ ವಿಸಿಲ್‌ಗಳನ್ನೇ ಒಟ್ಟಿಗೆ ತರಿಸಿ.

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಬಹಳ ಹಳೆಯ ಹಿತ್ತಾಳೆಯ ವಿಸಿಲ್ ಸಿಕ್ಕಿದೆ. ಹೊಸದನ್ನು ಕೊಳ್ಳುವ ಬದಲು ಅದನ್ನೇ ನುಡಿಸಬಹುದೇ?
— ಓದುಗರು, ಹೊನ್ನಾವರ

ಉತ್ತರ: ಬಾಯಿಗೆ ಇಡುವ ಮೊದಲು ತುದಿಯೊಳಗಿನ ಬೆಣೆಯನ್ನು ನೋಡಿ. ಅದು ಮರದ್ದಾಗಿದ್ದರೆ ಶುಚಿಗೊಳಿಸಿ ನುಡಿಸಬಹುದು. ಬೂದು ಬಣ್ಣದ, ಉಗುರಿನಿಂದ ಗೀರಿದರೆ ಗೆರೆ ಮೂಡುವ ಲೋಹವಾಗಿದ್ದರೆ ಅದು ಸೀಸ. ಹಿಂದಿನ ಕಾಲದ ಕೆಲವು ವಿಸಿಲ್‌ಗಳಲ್ಲಿ ಸೀಸದ ಬೆಣೆಯನ್ನು ಬಳಸುತ್ತಿದ್ದರು. ಅಂಥದ್ದನ್ನು ಮುಟ್ಟಿದ ಕೈ ತೊಳೆದುಕೊಳ್ಳಿ, ಅಜ್ಜನ ನೆನಪಿಗಾಗಿ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ನುಡಿಸಲು ಬೇರೆಯದನ್ನು ಕೊಳ್ಳಿ.