ವೋಲ್ಟೇಜ್ ಏರಿಸುವ ಮೊದಲು ರ್‍ಯಾಮ್ ಪರೀಕ್ಷಿಸಿ

ಪ್ರಶ್ನೆ: ನನ್ನ ಹತ್ತಿರ ರೈಜನ್ 5 5600ಎಕ್ಸ್ ಪ್ರೊಸೆಸರ್, ನಾಲ್ಕು ಸ್ಟಿಕ್ ಡಿಡಿಆರ್4 3600 ರ್‍ಯಾಮ್ ಇದೆ. ಎಕ್ಸ್‌ಎಂಪಿ (ರ್‍ಯಾಮ್ ಅನ್ನು ಡಬ್ಬಿ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ, ಎಲ್ಲ ಕೋರ್‌ಗಳನ್ನೂ 4.6 ಗಿಗಾಹರ್ಟ್ಸ್‌ಗೆ, 1.25 ವೋಲ್ಟ್‌ಗೆ ಇಟ್ಟೆ. ಗೇಮ್ ಆಡುವಾಗ ಬ್ಲೂ ಸ್ಕ್ರೀನ್ ಬರುತ್ತಿದೆ. 1.35 ವೋಲ್ಟ್ ಕೊಟ್ಟರೂ ನಿಂತಿಲ್ಲ. ಇನ್ನೂ ಏರಿಸಲೇ?

ಉತ್ತರ: ಬೇಡ, ಆ 1.35ರಿಂದ ಕೆಳಗೆ ಇಳಿಸಿ. ಇಷ್ಟು ಏರಿಸಿದರೂ ತೊಂದರೆ ಒಂಚೂರೂ ಕಡಿಮೆ ಆಗಿಲ್ಲ ಅಲ್ವಾ? ಹಾಗಾದರೆ ಕೊರತೆ ಬೇರೆಲ್ಲೋ ಇದೆ. ನನ್ನ ಅನುಮಾನ ಆ ನಾಲ್ಕು ಸ್ಟಿಕ್‌ಗಳ ಮೇಲೆ.

ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕಿಂಗೇ, ಅಂದರೆ ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ. ಈ ಪ್ರೊಸೆಸರ್‌ಗೆ ಅದರ ತಯಾರಕ ಎಎಂಡಿ ಹೇಳಿರುವ ರ್‍ಯಾಮ್ ವೇಗ 3200ರವರೆಗೆ. ನೀವು 3600ರಲ್ಲಿ ಓಡಿಸುತ್ತಿದ್ದೀರಿ, ಅದೂ ನಾಲ್ಕು ಸ್ಟಿಕ್ ಹಾಕಿ. ಮೆಮೊರಿ ಕಂಟ್ರೋಲರ್‌ಗೆ ಎರಡಕ್ಕಿಂತ ನಾಲ್ಕನ್ನು ನಿಭಾಯಿಸುವುದು ಕಷ್ಟ. ಎರಡು ಕಿಟ್ (ಒಂದೇ ಡಬ್ಬಿಯಲ್ಲಿ ಬರುವ ಜೋಡಿ ಸ್ಟಿಕ್) ಬೇರೆ ಬೇರೆಯಾಗಿ ಕೊಂಡು ಸೇರಿಸಿದ್ದರಂತೂ, ಡಬ್ಬಿ ಮೇಲಿನ 3600 ಅನ್ನು ನಂಬುವಂತಿಲ್ಲ. ಆ ಅಂಕಿ ಒಂದೊಂದು ಕಿಟ್‌ಗೆ ಪ್ರತ್ಯೇಕವಾಗಿ ಕೊಟ್ಟದ್ದು.

ಮೊದಲು ಕೋರ್ ವೇಗ, ವೋಲ್ಟೇಜ್ ಎರಡನ್ನೂ ಆಟೋಗೆ ಬಿಡಿ. ಎಕ್ಸ್‌ಎಂಪಿ ಹಾಗೇ ಇರಲಿ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ್‍ಯಾಮ್ ಪರೀಕ್ಷಿಸುವ ತಂತ್ರಾಂಶ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದು ಎರರ್ ಬಂದರೂ 'ಒಂದೇ ತಾನೆ' ಅಂತ ಬಿಡಬೇಡಿ. ಸದ್ದಿಲ್ಲದೆ ಫೈಲ್‌ಗಳು ಹಾಳಾಗುವುದು ಇಂಥದ್ದರಿಂದಲೇ. ಎರರ್ ಬಂದರೆ ರ್‍ಯಾಮ್ ವೇಗವನ್ನು ಮಾತ್ರ 3200ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ. ಎಕ್ಸ್‌ಎಂಪಿ ಕೊಡುವ 1.35 ವೋಲ್ಟ್ ನೋಡಿ ಗಾಬರಿ ಬೇಡ. ಅದು ರ್‍ಯಾಮ್‌ಗೆ ಹೋಗುವ ವೋಲ್ಟೇಜ್, ಡಿಡಿಆರ್4 3600ಕ್ಕೆ ಅದು ಮಾಮೂಲಿ. ಕೋರ್‌ಗೆ ಕೊಟ್ಟ 1.35ರ ಲೆಕ್ಕವೇ ಬೇರೆ. ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವುದು) ಸುಮಾರು 1.1 ಇದ್ದರೆ ಸಾಕು.

ರ್‍ಯಾಮ್ ಪಾಸಾದ ಮೇಲೆ ಕೋರ್ ಕಡೆ ಬನ್ನಿ. ವೇಗ ಅಷ್ಟೇ ಇದ್ದರೂ ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗದಂತೆ ಏರುತ್ತದೆ. 1.25ರಿಂದ 1.35ಕ್ಕೆ ಏರಿಸಿದಾಗ ವೋಲ್ಟೇಜ್ ಜಾಸ್ತಿ ಆದದ್ದು ಶೇ. 8, ಬಿಸಿ ಜಾಸ್ತಿ ಆದದ್ದು ಸುಮಾರು ಶೇ. 17. ಅಷ್ಟಕ್ಕೆ ಸಿಕ್ಕಿದ್ದೇನು? ಈ ಚಿಪ್ ತಾನಾಗೇ ಒಂದು ಕೋರ್‌ನಲ್ಲಿ 4.6 ಮುಟ್ಟುತ್ತದೆ. ಗೇಮ್‌ಗಳಲ್ಲಿ ನಿಮಗೆ ಸಿಗುವ ಲಾಭ ಕಮ್ಮಿ.

ಅದರ ಬದಲು ಪಿಬಿಒ (ಚಿಪ್ ತನ್ನ ವೇಗವನ್ನು ತಾನೇ ಏರಿಸಿಕೊಳ್ಳಲು ಹೆಚ್ಚು ಅವಕಾಶ ಕೊಡುವ ಸೆಟ್ಟಿಂಗ್) ಆನ್ ಮಾಡಿ, ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ನೆಗೆಟಿವ್ 10 ಕೊಡಿ. ಅದೇ ವೇಗಕ್ಕೆ ವೋಲ್ಟೇಜ್ ಇಳಿಯುತ್ತದೆ, ಬಿಸಿ ಕಮ್ಮಿಯಾಗುತ್ತದೆ, ಚಿಪ್ ತಾನೇ ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. ನನಗೆ ಈ ದಾರಿಯೇ ಇಷ್ಟ. ಒಂದು ಎಚ್ಚರ ಮಾತ್ರ ಇರಲಿ. ಇದನ್ನು ಅತಿಯಾಗಿ ಇಳಿಸಿದರೆ ಭಾರೀ ಟೆಸ್ಟ್‌ಗಳೆಲ್ಲ ಪಾಸಾಗಿ, ಸುಮ್ನೆ ಬ್ರೌಸರ್ ತೆರೆದಿಟ್ಟಾಗ ರೀಸ್ಟಾರ್ಟ್ ಆಗಬಹುದು. ಹಾಗಾದರೆ ನೆಗೆಟಿವ್ 5ಕ್ಕೆ ತನ್ನಿ.