ಕೂಡಲಿಯ ಮೆಟ್ಟಿಲೂ ಕೊನೆಯ ಸೆಮಿಸ್ಟರೂ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಮುಂದೇನು ಎಂಬ ಚಿಂತೆ ಹತ್ತಿದಾಗಲೆಲ್ಲ ಕೂಡಲಿಯ ಸಂಗಮಕ್ಕೋ, ಊರಿಗೆ ಹೋದಾಗ ಕವಿಶೈಲಕ್ಕೋ ಹೋಗಿ ಕುಳಿತರೆ ಮನಸ್ಸು ತಿಳಿಯಾಗುತ್ತದೆ. ಇದು ಓದಿನಿಂದ ತಪ್ಪಿಸಿಕೊಳ್ಳುವ ದಾರಿ ಎನ್ನುತ್ತಾರೆ ಗೆಳತಿಯರು. ಕೆಲಸಕ್ಕೆಂದು ಬೆಂಗಳೂರು ಸೇರಿದರೆ ಈ ನೆಮ್ಮದಿಯೂ ಕೈತಪ್ಪೀತೆಂಬ ಭಯ ಬೇರೆ. ಏನು ಮಾಡಲಿ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸಂಗಮದಿಂದ ಮರಳಿದ ಸಂಜೆ ನೀವು ಪುಸ್ತಕ ತೆರೆಯುತ್ತೀರಾದರೆ, ಮುಂದೂಡುತ್ತಾ ಬಂದ ಅರ್ಜಿಯನ್ನು ತುಂಬುತ್ತೀರಾದರೆ, ಗೆಳತಿಯರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಹಾಗಾಗದೆ ಮರುದಿನವೂ ಅಲ್ಲಿಗೇ ಓಡಬೇಕೆನಿಸಿದರೆ, ಎದುರಿಸಬೇಕಾದ ಯಾವುದೋ ನಿರ್ಧಾರ ಬಾಕಿ ಉಳಿದಿದೆ ಎಂದು ತಿಳಿಯಿರಿ. ಎಂ.ಎಸ್ಸಿ.ಗೆ ಸೇರುವುದೋ ಕೆಲಸ ಹುಡುಕುವುದೋ ಎಂಬುದನ್ನು ಹೊಳೆ ತೀರ್ಮಾನಿಸಲಾರದು. ಅಧ್ಯಾಪಕರೊಡನೆ, ಮನೆಯವರೊಡನೆ ಕುಳಿತು ಮಾತಾಡಿಯೇ ಅದನ್ನು ಬಗೆಹರಿಸಿಕೊಳ್ಳಬೇಕು.

ನಿಮ್ಮ ಎರಡನೆಯ ಭಯ ನನ್ನನ್ನು ಹೆಚ್ಚು ತಟ್ಟಿತು. ಕುವೆಂಪು ಹದಿಹರೆಯದಲ್ಲಿಯೇ ಓದಿಗೆಂದು ಮೈಸೂರಿಗೆ ಹೋದವರು. ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಅಧ್ಯಾಪಕರಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿ, ಬಾಳಿನ ಬಹುಭಾಗವನ್ನು ಆ ಊರಿನಲ್ಲಿಯೇ ಕಳೆದರು. ಆದರೂ ಅವರ ಬರಹದ ತುಂಬ ಇರುವುದು ಮಲೆನಾಡಿನ ಕಾಡು, ಮಳೆ, ಹಕ್ಕಿಗಳು. 1994ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ನೀವು ಹೋಗಿ ಕೂರುವ ಕವಿಶೈಲದಲ್ಲೇ. ದೂರದಲ್ಲಿದ್ದಾಗಲೂ ಊರು ಅವರೊಳಗೆ ಅಷ್ಟು ವಿವರವಾಗಿ ಉಳಿದದ್ದು ಅವರು ಅದನ್ನು ಕಣ್ತುಂಬ ನೋಡಿದ್ದರಿಂದ ಎಂದೇ ನಾನು ನಂಬಿದ್ದೇನೆ.

ಆದ್ದರಿಂದ ಪ್ರೀತಿಯ ಜಾಗಕ್ಕೆ ಬೇಸರವಾದಾಗ ಮಾತ್ರ ಹೋಗಬೇಡಿ. ಸಂತೋಷವಾಗಿದ್ದಾಗಲೂ ಹೋಗಿ, ಮೊಬೈಲನ್ನು ಚೀಲದಲ್ಲಿಟ್ಟು ನೋಡಿ. ಊರಿಗೆ ಹೋಗುವ ನಿಮ್ಮ ಬಸ್ಸು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯ ಮೇಲೆಯೇ ಹೋಗುತ್ತದಲ್ಲವೇ? ಪರೀಕ್ಷೆ ಮುಗಿದ ಮೇಲೆ, ಮಳೆ ಹಿಡಿದಾಗ, ಒಮ್ಮೆ ಅಲ್ಲಿ ಇಳಿಯಿರಿ. ತುಂಗೆಯ ಕೆನ್ನೀರು ನಡುಗಡ್ಡೆಯ ಮರಗಳ ಬುಡವನ್ನು ಸುತ್ತುವರಿದು ಹರಿಯುತ್ತಿರುವಾಗಲೇ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಕೊಂಬೆ ಕೊಂಬೆಯಲ್ಲಿ ಗೂಡು ಕಟ್ಟಿ ಮರಿಗಳಿಗೆ ಮೀನು ಉಣಿಸುತ್ತಿರುತ್ತವೆ. ಶಿವಮೊಗ್ಗದಲ್ಲಿಯೂ ಹಾಗೆಯೇ: ಕೋರ್ಪಲಯ್ಯ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿಯೇ ಜನ ತುಂಗೆಯ ನೆರೆಯನ್ನು ಅಳೆಯುತ್ತಾರೆ. ಇದನ್ನೆಲ್ಲ ನೋಡಿ ಬಲ್ಲವರಾಗಿದ್ದರೆ, ಮುಂದೊಂದು ದಿನ ಬೆಂಗಳೂರಿನ ಕೋಣೆಯಲ್ಲಿರುವಾಗ ಗೆಳತಿಯೊಬ್ಬಳು ಫೋನಿನಲ್ಲಿ ‘ಮಂಟಪ ಮುಳುಗಿತು ಕಣೇ’ ಎಂದರೆ ಸಾಕು, ಹೊಳೆ ನಿಮ್ಮ ಕಣ್ಣಿಗೆ ಕಟ್ಟುತ್ತದೆ. ಮಳೆಗಾಲದಲ್ಲಿ ಕೂಡಲಿಯ ಮೆಟ್ಟಿಲುಗಳು ಜಾರುತ್ತವೆ, ಸೆಳೆತವೂ ಹೆಚ್ಚು. ಮೇಲಿನ ಮೆಟ್ಟಿಲಿನಲ್ಲಿಯೇ ಕುಳಿತುಕೊಳ್ಳಿ.

ಹೊಳೆದಂಡೆಯಲ್ಲಿ ಕುಳಿತರೂ ಮನಸ್ಸು ಹಗುರಾಗದೆ, ವಾರಗಟ್ಟಲೆ ಊಟ ನಿದ್ದೆ ಸೇರದಿದ್ದರೆ ಮಾತ್ರ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.